ಲೈಟಕ್ಕ ನಿಂತ ಜಾಗ

ಮದುವೆ ಮನೆಯಲ್ಲಿ ಎಲ್ಲರೂ ಫೋಟೋಗ್ರಾಫರನ ಕಡೆ ನೋಡುತ್ತಾರೆ. ಅವನ ಪಕ್ಕದಲ್ಲಿ ಲೈಟು ಎತ್ತಿ ಹಿಡಿದು ನಿಂತ ಹೆಂಗಸನ್ನು ಯಾರು ನೋಡುತ್ತಾರೆ? ನೋಡದಿದ್ದರೇ ವಾಸಿ ಎಂದುಕೊಂಡೇ ಲೈಟಕ್ಕ ಅರ್ಧ ಆಯುಸ್ಸು ಕಳೆದಿದ್ದಳು. ಮದುವೆಯಾಗಿ ಬಂದ ಹೊಸದರಲ್ಲಿ ಗಂಡ ಅವಳ ಕೈಗೊಂದು ಕಬ್ಬಿಣದ ಕೋಲು ಕೊಟ್ಟು, ತುದಿಗೆ ದೀಪ ಸಿಕ್ಕಿಸಿ, "ಅಲ್ಲಾಡಬೇಡ" ಅಂದಿದ್ದ. ಅವಳು ಅಲ್ಲಾಡಲಿಲ್ಲ. ಬಸುರಿಯಾಗಿದ್ದಾಗಲೂ ಹಿಡಿದಳು, ಹೆತ್ತ ಕೂಸು ಕೈಗೆ ದಕ್ಕದೆ ಹೋದ ಮೇಲೂ ಹಿಡಿದಳು. ಜನ ಅವಳ ಹೆಸರು ಮರೆತು ಲೈಟಕ್ಕ ಅಂದರು. ಪ್ರತಿ ಫೋಟೋಗೂ "ನಗ್ರೀ, ನಗ್ರೀ" ಎಂದು ಕೂಗುತ್ತಿದ್ದ ಗಂಡನಿಗೆ ನಗ್ರಿ ಮಾವ ಎಂಬ ಹೆಸರು ಬಿತ್ತು.

ಆ ನಗ್ರಿ ಮಾವ ಒಂದು ಮದುವೆಯಲ್ಲಿ ಕ್ಯಾಮೆರಾದಿಂದ ಮುಖ ತೆಗೆಯದೆ, "ನಗ್ತಿದಾರಾ?" ಎಂದು ಹೆಂಡತಿಯನ್ನು ಕೇಳಿದ. ಸುತ್ತಲಿದ್ದವರು ತಮಾಷೆ ಎಂದುಕೊಂಡು ಹೋ ಎಂದು ನಕ್ಕರು. ಲೈಟಕ್ಕ ನಗಲಿಲ್ಲ. ಅದೇ ವಾರ ಅವನು ಕೆಟಲಿನಿಂದ ಟೀಯನ್ನು ಲೋಟದ ಪಕ್ಕಕ್ಕೆ ಸುರಿದಿದ್ದನ್ನು ಅವಳು ನೋಡಿದ್ದಳು.

"ಡಾಕ್ಟರು ಏನಂದ್ರು?" ಎಂದು ಒಮ್ಮೆ ಕೇಳಿದಳು.

"ಕಣ್ಣಿನ ನರ ಒಣಗಿದೆಯಂತೆ. ಒಣಗಿದ್ದು ಚಿಗುರಲ್ವಂತೆ. ಬಿಡು ಆ ಮಾತು."

ಆ ಮಾತು ಬಿಟ್ಟರು. ಸ್ಟುಡಿಯೋದಲ್ಲಿ ತೊಂದರೆ ಇರಲಿಲ್ಲ. ಕೂರುವ ಸ್ಟೂಲಿಗೆ ನೆಲದ ಮೇಲೆ ಬಣ್ಣದ ಗುರುತು, ಕ್ಯಾಮೆರಾ ನಿಂತ ಕಡೆಯೇ ನಿಂತಿರುತ್ತಿತ್ತು, ಯಾರು ಬಂದು ಕೂತರೂ ನಿಚ್ಚಳ. ಕಷ್ಟವಿದ್ದದ್ದು ಮದುವೆಗಳಲ್ಲಿ. ಅದಕ್ಕೂ ಗಂಡಹೆಂಡಿರು ಬಾಯಿಬಿಟ್ಟು ಆಡದೆಯೇ ಒಂದು ದಾರಿ ಮಾಡಿಕೊಂಡರು. ಅವನು ಚಿತ್ರ ನಿಚ್ಚಳ ಮಾಡುವ ಲೆನ್ಸಿನ ಬಳೆಯನ್ನು ಒಂದೇ ದೂರಕ್ಕೆ ತಿರುಗಿಸಿ ಟೇಪು ಸುತ್ತಿಬಿಟ್ಟ. ಲೈಟಿನ ಕೋಲು ಎರಡು ಸಲ ಅಡ್ಡ ಮಲಗುವಷ್ಟು ದೂರ, ಅಷ್ಟೇ. ಲೈಟಕ್ಕ ಜನರಿಂದ ಅಷ್ಟು ದೂರಕ್ಕೆ ಕಣ್ಣಳತೆಯಲ್ಲಿ ನಿಲ್ಲುವುದು, ಅವಳ ಭುಜಕ್ಕೆ ಭುಜ ತಾಗಿಸಿ ಅವನು ನಿಲ್ಲುವುದು. ಅವಳು ನಿಂತ ಜಾಗ ಸರಿಯಿದ್ದರೆ ಚಿತ್ರ ಸರಿ. ಹೆಜ್ಜೆ ಹಿಂದುಮುಂದಾದರೆ ಮಂಜು. ಹೀಗೆ ಊರ ಕಣ್ಣಿಗೆ ಮಣ್ಣೆರಚಿಕೊಂಡೇ ಎಷ್ಟೋ ಮದುವೆ ದಾಟಿಸಿದರು.

ಅಷ್ಟರಲ್ಲಿ ಲೈಟಕ್ಕನ ಸ್ವಂತ ಅಣ್ಣನ ಮಗಳ ಮದುವೆ ಬಂತು. ಅಣ್ಣ ಬಣ್ಣದ ಕಾರ್ಖಾನೆಯಲ್ಲಿ ದುಡಿದು ಎದೆ ಕೆಡಿಸಿಕೊಂಡವನು. ಮೂಳೆ ಚಕ್ಕಳವಾಗಿದ್ದ. ಅವನು ಇರುವಾಗಲೇ ಆಗಿಬಿಡಲಿ ಎಂದು ಮದುವೆಯನ್ನು ಬೇಗನೆ ಇಟ್ಟುಕೊಂಡಿದ್ದರು. ಒಂದು ಸಂಜೆ ಅತ್ತಿಗೆ ಸ್ಟುಡಿಯೋಗೆ ಬಂದು ಬೆಂಚಿನ ಮೇಲೆ ಕೂತಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಡುತ್ತಿದ್ದಳು.

"ತಪ್ಪು ತಿಳ್ಕೋಬೇಡ ಕಣೇ. ಎದುರಂಗಡಿ ಟೋಪಿಯವನನ್ನೂ ಕರೆಯೋಣ ಅಂತ. ಒಬ್ರಿಗೆ ಇಬ್ರು ಇದ್ರೆ..."

ಟೋಪಿಯವನೆಂದರೆ ಈಚೆಗೆ ಎದುರಿಗೆ ಅಂಗಡಿ ತೆರೆದವನು. ಟೋಪಿಯನ್ನು ಹಿಂದುಮುಂದಾಗಿ ಹಾಕುತ್ತಿದ್ದ.

"ಯಾಕತ್ತಿಗೆ, ಇವರ ಕೈಲಾಗಲ್ವಾ?"

"ಅಯ್ಯೋ, ಹಂಗಲ್ವೇ. ನಮ್ಮ ಮದುವೇದೂ ಇವರೇ ತೆಗೆದಿದ್ದು. ನಾನು ಎಲ್ಲದ್ರಲ್ಲೂ ಕಣ್ಣು ಮುಚ್ಚಿರೋದು ಬಿಟ್ರೆ ಮಿಕ್ಕಿದ್ದೆಲ್ಲ ಚೆನ್ನಾಗೇ ಇದೆ." ನಗಲು ಹೋದವಳು ಅರ್ಧಕ್ಕೆ ನಿಲ್ಲಿಸಿದಳು. "ನಿಮ್ಮಣ್ಣ ಕೇಳಿರೋದು ಒಂದೇ. ಮಗಳ ಕೈ ಹಿಡ್ಕೊಂಡು ನೆಟ್ಟಗೆ ನಿಂತಿರೋ ಒಂದು ಫೋಟೋ. ಅದು ಕೆಟ್ರೆ ಮತ್ತೆ ತೆಗೆಸೋಕೆ ಮನುಷ್ಯ ಇರಲ್ಲ. ನೀನೇ ಹೇಳು, ಇನ್ನೊಬ್ಬ ಬೇಕಾ, ಬೇಡವಾ?"

"ನಾಳೆ ಬಂದು ಹೇಳ್ತೀನಿ" ಅಂದಳು ಲೈಟಕ್ಕ.

ಫೋಟೋ ತೊಳೆಯುವ ಕತ್ತಲೆ ಕೋಣೆಯ ಪರದೆಯ ಹಿಂದೆ ಗಂಡ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಅತ್ತಿಗೆಯ ಚಪ್ಪಲಿ ಸದ್ದು ಬೀದಿಗಿಳಿದ ಮೇಲೆ ಹೊರಗೆ ಬಂದ.

"ಹೆಂಡ್ತಿ ತವರಿನ ಮದುವೇಲೇ ನನ್ನ ಪಕ್ಕ ಇನ್ನೊಬ್ಬ ನಿಂತ ಅಂದ್ರೆ ನಾಳೆಯಿಂದ ನನ್ನನ್ನ ಯಾರು ಕರೀತಾರೆ? ನಾಯಿನೂ ಮೂಸಲ್ಲ."

"ನಾನೇನೂ ಅಂದಿಲ್ವಲ್ಲ."

"ಅನ್ನಬೇಡ" ಎಂದ. ಕೋಪವಿರಲಿಲ್ಲ ಆ ದನಿಯಲ್ಲಿ, ಬೇಡಿಕೆ ಇತ್ತು. ಅದೇ ಅವಳನ್ನು ಕೊಂದಿತು.

ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. 'ಇವರಿಗೆ ಕಣ್ಣು ಕಾಣಲ್ಲ' ಎಂದು ಅತ್ತಿಗೆಗೆ ಒಂದು ಮಾತು ಹೇಳಿದರೆ ಅಣ್ಣನ ಚಿತ್ರ ಉಳಿಯುತ್ತದೆ, ಗಂಡ ಮೂಲೆ ಸೇರುತ್ತಾನೆ. ಹೇಳದಿದ್ದರೆ? ಹೇಳದಿದ್ದರೂ ನಾನಿದ್ದೇನಲ್ಲ, ನಾನು ನೆಟ್ಟಗೆ ನಿಂತರೆ ಆಯಿತಲ್ಲ ಎಂದುಕೊಂಡಳು. ಇಷ್ಟು ವರ್ಷ ಅಲ್ಲಾಡದವಳು ಆ ಒಂದು ಗಳಿಗೆ ಅಲ್ಲಾಡುತ್ತೇನೆಯೇ?

ಮರುದಿನ ಅತ್ತಿಗೆಯ ಅಡುಗೆಮನೆ ಬಾಗಿಲಲ್ಲಿ ನಿಂತು ಹೇಳಿದಳು: "ಟೋಪಿಯವನೂ ಬರಲಿ. ಕೆಳಗೆ ಜನರದ್ದು ತೆಗೀಲಿ. ವೇದಿಕೆ ಮಾತ್ರ ಇವರದು. ಅವನು ಮೆಟ್ಟಿಲು ಹತ್ತಬಾರದು, ಕ್ಯಾಮೆರಾ ಆ ಕಡೆ ತಿರುಗಿಸಲೂಬಾರದು. ಅಣ್ಣನ ಫೋಟೋಗೆ ನಾನು ಜವಾಬ್ದಾರಿ."

ಟೋಪಿಯವನೂ ಒಪ್ಪಿದ. "ಹಿರಿಯರು ಗೆರೆ ಎಳೆದ್ರೆ ನಾನು ದಾಟಲ್ಲ ಬಿಡಿ ಅಕ್ಕಾ" ಎಂದ. ಒಳ್ಳೆಯವನು. ಕೆಟ್ಟವನಾಗಿದ್ದಿದ್ದರೆ ಚೆನ್ನಾಗಿತ್ತು.

ಮದುವೆಯ ದಿನ ಅಣ್ಣನ ಹಳೇ ಕೋಟು ಅವನ ಮೈಮೇಲೆ ಗೂಟಕ್ಕೆ ನೇತುಹಾಕಿದಂತಿತ್ತು. ಲೈಟಕ್ಕ ಕತ್ತಲೆ ಕೋಣೆಯಿಂದ ತಂದ, ಫೋಟೋ ಒಣಹಾಕುವ ಕ್ಲಿಪ್ಪುಗಳಿಂದ ಬೆನ್ನ ಹಿಂದೆ ಬಟ್ಟೆಯನ್ನು ಹಿಡಿದು ಬಿಗಿ ಮಾಡಿದಳು.

"ಒಗೆದು ಒಣಹಾಕ್ತಿದೀಯೇನೇ ನನ್ನ?" ಎಂದ ಅಣ್ಣ.

"ಮುಂದಿನಿಂದ ದೊರೆ ಹಂಗೆ ಕಾಣ್ತೀಯ. ಹಿಂದಿಂದ ಯಾರು ನೋಡ್ತಾರೆ, ಸುಮ್ನಿರು."

ಅವನನ್ನು ಇಬ್ಬರು ಹಿಡಿದು ವೇದಿಕೆ ಹತ್ತಿಸಿ, ಮಗಳ ಪಕ್ಕ ನಿಲ್ಲಿಸಿ, ಕೈ ಬಿಟ್ಟು ಸರಿದರು. ಅವನು ಮಗಳ ಕೈ ಹಿಡಿದ. ಲೈಟಕ್ಕ ಕಣ್ಣಲ್ಲೇ ಅಳೆದು ತನ್ನ ಜಾಗದಲ್ಲಿ ಕಾಲೂರಿದಳು. ಗಂಡನ ಭುಜ ಬಂದು ಅವಳ ಭುಜಕ್ಕೆ ತಾಗಿತು. ಕೆಳಗೆ ಟೋಪಿಯವನು ಕೊಟ್ಟ ಮಾತಿನಂತೆ ವೇದಿಕೆಗೆ ಬೆನ್ನು ಹಾಕಿ, ಕುರ್ಚಿಗಳ ಸಾಲಿನ ಕಡೆ ತಿರುಗಿದ್ದ.

"ನಗ್ತಿದಾರಾ?" ಎಂದು ಗಂಡ ಪಿಸುಗುಟ್ಟಿದ.

"ಇನ್ನೂ ಇಲ್ಲ. ತಡೀರಿ. ತಲೆ ಎತ್ತಲಿ."

ಅಣ್ಣ ತಲೆ ಎತ್ತಿದ. ಅವಳದೇ ಲೈಟಿನಲ್ಲಿ ಅವನ ತುಟಿ ನೀಲಿಯಾಗಿರುವುದು ಅವಳಿಗೆ ಕಂಡಿತು. ಮಂಡಿ ಬಾಗುವುದೂ ಕಂಡಿತು. ಕೋಲು ಹೇಗೆ ಕೈಬಿಟ್ಟಿತೋ ಅವಳಿಗೇ ತಿಳಿಯದು. ಅದು ಕಂಬವೊಂದಕ್ಕೆ ಒರಗಿ ಉರಿಯುತ್ತಲೇ ಇತ್ತು, ಅವಳು ಅಣ್ಣನ ಕಂಕುಳಿಗೆ ಭುಜ ಕೊಟ್ಟಾಗಿತ್ತು. ಸಭೆಯಲ್ಲಿ ಕೂತವರೆಲ್ಲ ಒಮ್ಮೆಲೇ ಎದ್ದರು.

ಅಣ್ಣ ಬೀಳಲಿಲ್ಲ. ಮಗಳ ಕೈಯನ್ನೂ ಬಿಟ್ಟಿರಲಿಲ್ಲ. ಉಸಿರು ಸಿಕ್ಕಿದ ಮೇಲೆ ತಂಗಿಯನ್ನು ಮೊಣಕೈಯಿಂದ ಪಕ್ಕಕ್ಕೆ ತಳ್ಳಿ, "ಏನಿಲ್ಲ, ಏನಿಲ್ಲ. ತೆಗೀರಿ ಭಾವ" ಎಂದು ನೆಟ್ಟಗೆ ನಿಂತು ನಕ್ಕ. ಅಂಥ ನಗು ಅವನ ಮುಖದಲ್ಲಿ ಕಾರ್ಖಾನೆ ಸೇರುವ ಮುಂಚೆ ಕಂಡಿದ್ದು.

ಭಾವನಿಗೆ ತಾಗಲು ಭುಜವಿರಲಿಲ್ಲ. ದನಿ ಬಂದ ಕಡೆಗೆ ಹೆಜ್ಜೆ ಹಾಕಿ, ಒತ್ತಿದ, ಒತ್ತಿದ, ರೀಲು ಮುಗಿಯುವ ತನಕ ಒತ್ತಿದ. "ಹಿಂದಕ್ಕೆ ಸರೀರಿ!" ಎಂದು ಕೂಗಬೇಕೆಂದು ಲೈಟಕ್ಕನ ಬಾಯಿಗೆ ಬಂತು. ಅಷ್ಟು ಜನರ ಎದುರು ಹೇಗೆ ಕೂಗುತ್ತಾಳೆ? ಅಷ್ಟರಲ್ಲಿ ಅಣ್ಣ ಕುಸಿದ.

ಆಸ್ಪತ್ರೆಯಿಂದ ಅವನು ಮನೆಗೆ ತಿರುಗಿ ಬರಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಗಂಡ ತಾನೇ ರೀಲು ತೊಳೆದು ಚಿತ್ರ ಮಾಡಿದ. ಕತ್ತಲೆಯ ಕೆಲಸಕ್ಕೆ ಅವನಿಗೆ ಕಣ್ಣು ಬೇಕಿರಲಿಲ್ಲ, ಬೆರಳು ಸಾಕಿತ್ತು. ಒದ್ದೆ ಕಾಗದಗಳನ್ನು ದಾರಕ್ಕೆ ನೇತುಹಾಕಿ ಅವಳನ್ನು ಕರೆದ.

"ಬಂದಿದೆಯಾ?"

ಲೈಟಕ್ಕ ಒಂದೊಂದನ್ನೇ ನೋಡಿದಳು. ಅಣ್ಣನ ಮುಖವಿದ್ದ ಕಡೆ ಬಿಳಿ ಕಲೆ, ಕೋಟಿದ್ದ ಕಡೆ ಕಪ್ಪು ಕಲೆ, ನಡುವೆ ಕೈಗಳಿರಬೇಕಾದಲ್ಲಿ ಹೊಗೆ. ಅವರ ಹಿಂದಿದ್ದ ಹೂವಿನ ಕಂಬ ಮಾತ್ರ ಎಸಳೆಸಳೂ ಬಿಡಿಸಿಟ್ಟಂತೆ ನಿಚ್ಚಳವಾಗಿತ್ತು.

"ಹೂವು ಚೆನ್ನಾಗಿ ಬಂದಿದೆ" ಅಂದಳು.

ಅವನು ಸ್ಟೂಲಿಗಾಗಿ ತಡಕಾಡಿ ಕೂತ.

ಅತ್ತಿಗೆಯ ಮನೆಗೆ ಅವಳೊಬ್ಬಳೇ ಹೋದಳು. ಟೋಪಿಯವನ ಫೋಟೋಗಳು ಆಗಲೇ ಬಂದು ಮೇಜಿನ ಮೇಲಿದ್ದವು. ಅವುಗಳಲ್ಲೊಂದರಲ್ಲಿ ಸಭೆಗೆ ಸಭೆಯೇ ಎದ್ದು ನಿಂತು, ಬಾಯಿ ತೆರೆದು, ಒಂದೇ ಕಡೆ ನೋಡುತ್ತಿತ್ತು. ಅಣ್ಣನ ಮಗಳು ಅದರ ಮೇಲೆ ಬೆರಳಿಟ್ಟಳು.

"ಇವರೆಲ್ಲ ಅಪ್ಪನ್ನೇ ನೋಡ್ತಿದಾರೆ ಅತ್ತೆ. ಅಪ್ಪ ಎಲ್ಲೂ ಇಲ್ಲ."

ಅತ್ತಿಗೆ ಬೈಯಲಿಲ್ಲ. ಒಳಗೆ ಹೋಗಿ ಕ್ಲಿಪ್ಪುಗಳನ್ನು ತಂದು ಲೈಟಕ್ಕನ ಮುಂದಿಟ್ಟಳು. "ಆಸ್ಪತ್ರೆಯವರು ಕೋಟು ಬಿಚ್ಚಿದಾಗ ಸಿಕ್ಕಿದ್ದು. ನಿನ್ನವೇ ಅಲ್ವಾ? ತಗೊಂಡು ಹೋಗು" ಎಂದಳು.

ಕೆಲವು ತಿಂಗಳ ಮೇಲೆ ಯಾರೋ ಮದುವೆಗೆ ಗೊತ್ತು ಮಾಡಲು ಸ್ಟುಡಿಯೋಗೆ ಬಂದರು. ದೊಡ್ಡ ಮದುವೆ, ಒಬ್ಬರು ಸಾಕೋ, ಇನ್ನೊಬ್ಬರಿಗೂ ಹೇಳಬೇಕೋ ಎಂದು ಕೇಳಿದರು. ಗಂಡ ಒಳಗೆ ಲೆನ್ಸು ಒರೆಸುತ್ತಿದ್ದ. ಅವನಿಗೆ ಕೇಳಲಿ ಎಂದೇ ಲೈಟಕ್ಕ ದನಿ ಎತ್ತಿದಳು.

"ಒಬ್ರೇ ಸಾಕು. ಎದುರಂಗಡಿಯವನನ್ನ ಕರೀರಿ. ಇವರಿಗೆ ಕಣ್ಣು ಕಾಣಲ್ಲ."

ಬಂದವರು ಏನೋ ಗೊಣಗುತ್ತ ಬೀದಿ ದಾಟಿ ಹೋದರು. ಒಳಗೆ ಒರೆಸುವ ಸದ್ದು ನಿಂತಿತ್ತು.

"ಅವನಿಗೆ ಲೈಟು ಯಾರು ಹಿಡೀತಾರೆ?" ಎಂದ ಗಂಡ.

"ಅವನಿಗೆ ಯಾರೂ ಬೇಕಾಗಿಲ್ಲ" ಎಂದು ಲೈಟಕ್ಕ ಅಂಗಡಿಯ ಬಾಗಿಲು ಎಳೆದಳು.