ಸೇತುವೆಯ ಮೇಲೆ ನಿಂತುಹೋದ ರಾಜಕುಮಾರಿ

ಮಹೇಶ ನಿನ್ನನ್ನು ಬೇಡವೆನ್ನಲಿಲ್ಲ, ಸುಮಿ. "ದಾರಿ ಕಾಯಬ್ಯಾಡ" ಅನ್ನುವ ಮಾತು ಅವನ ಬಾಯಿಂದ ಬಂದದ್ದೇ ಅಲ್ಲ. ಅದನ್ನು ಕಟ್ಟಿದವಳು ನಾನು, ನಿನ್ನ ಒಡಹುಟ್ಟಿದ ಅಕ್ಕ. ಹನ್ನೊಂದು ವರ್ಷ ಇದನ್ನು ಒಳಗಿಟ್ಟುಕೊಂಡೇ ನಿನ್ನ ಜೊತೆ ಉಂಡೆ, ಒಂದೇ ಮನೆಯಲ್ಲಿ ಮಲಗಿ ಎದ್ದೆ. ಬರೆಯಲು ಕೂತರೆ ಅಳುವಾದರೂ ಬಂದೀತು ಅಂದುಕೊಂಡಿದ್ದೆ — ಬರುತ್ತಿಲ್ಲ.

ಆ ಕಾರ್ಟೂನ್ ಡಿಸ್ಕಿನಿಂದಲೇ ಶುರು ಮಾಡಬೇಕು. ಅಪ್ಪನ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿದ್ದಾಗ ನಮ್ಮ ಹತ್ತಿರ ಇದ್ದದ್ದು ಅದೊಂದೇ ಸಿನಿಮಾ. ರಾಜಕುಮಾರ ಹೊಳೆಯ ಆಚೆ, ರಾಜಕುಮಾರಿ ಈಚೆ. ಹೊತ್ತು ಮುಳುಗುವುದರೊಳಗೆ ಅವಳು ಸೇತುವೆ ದಾಟಿ ಬಾರದಿದ್ದರೆ ಅವನು ಕಲ್ಲಾಗುತ್ತಾನೆ. ಅವಳು ಸೇತುವೆಗೆ ಕಾಲಿಡುತ್ತಾಳೆ — ಅಷ್ಟಕ್ಕೆ ಡಿಸ್ಕ್ ನಿಂತುಬಿಡುತ್ತಿತ್ತು. ಲಂಗದ ತುದಿಯಿಂದ ಎಷ್ಟು ಒರೆಸಿ ಹಾಕಿದರೂ ಅಲ್ಲೇ ನಿಲ್ಲುತ್ತಿತ್ತು.

"ಮುಂದ ಏನಾತು, ಅಕ್ಕಾ?" ಎಂದು ನೀನು ಅಳುತ್ತಿದ್ದೆ.

ಮುಂದಿನದನ್ನು ನಾನು ಹೇಳತೊಡಗಿದೆ. ಪ್ರತಿ ಭಾನುವಾರ ಒಂದೊಂದು ಕೊನೆ. ಒಂದು ವಾರ ಸೇತುವೆ ಮುರಿದು ಅವಳು ಈಜಿಕೊಂಡು ಹೋದಳು. ಇನ್ನೊಂದು ವಾರ ಚಪ್ಪಲಿ ಮರೆತೆನೆಂದು ಮನೆಗೆ ಓಡಿಬಂದಳು. ನನಗೆ ಸಿಟ್ಟು ಬಂದಿದ್ದ ಒಂದು ವಾರ ಅವನು ಕಲ್ಲೇ ಆಗಿಹೋದ. ಅವಳು ಆ ಕಲ್ಲಿನ ಪಕ್ಕದಲ್ಲಿ ಮಿರ್ಚಿ ಬಜ್ಜಿ ಅಂಗಡಿ ಇಟ್ಟುಕೊಂಡು ಆರಾಮಾಗಿದ್ದಳು. ನೀನು ಬಿದ್ದು ಬಿದ್ದು ನಕ್ಕೆ. ಆಟಕ್ಕೆ ಒಂದೇ ಕಟ್ಟಳೆ: ಅಕ್ಕ ಹೇಳಿದ್ದೇ ಕೊನೆ. ಕೇಳಿದ ಮೇಲೆ ನೀನು "ಆತು" ಅನ್ನಬೇಕು, ಆಮೇಲೆ ಪ್ರಶ್ನೆ ಕೇಳುವಂತಿಲ್ಲ. ಆ ಕಟ್ಟಳೆ ಮಾಡಿದವಳೂ ನಾನೇ.

ದೊಡ್ಡವರಾದೆವು. ಹಿಮಾಯತ್‌ನಗರದ ಈ ಎರಡು ಕೋಣೆಗಳಿಗೆ ಬಂದೆವು. ನಾನು ಕನ್ನಡಕದ ಅಂಗಡಿಗೆ, ನೀನು ಮಾದಾಪುರದ ಆಫೀಸಿಗೆ. ಶಂಶಾಬಾದಿನ ವಿಮಾನ ನಿಲ್ದಾಣದಲ್ಲಿ ಕೆಲಸಕ್ಕಿದ್ದ ರಾಯಚೂರಿನ ಮಹೇಶನನ್ನು ನೀನು ಮೆಚ್ಚಿದ್ದೆ. ಆ ವಾರ ನೀವಿಬ್ಬರೂ ಜಗಳವಾಡಿದ್ದಿರಿ. ನೀನು ಅವನ ಫೋನ್ ಎತ್ತುತ್ತಿರಲಿಲ್ಲ. ಅವನು ನನ್ನ ಅಂಗಡಿಗೇ ಬಂದ, ಕೈಯಲ್ಲಿ ಉಸ್ಮಾನಿಯಾ ಬಿಸ್ಕತ್ತಿನ ಡಬ್ಬಿ.

"ತಪ್ಪು ನಂದ ಐತಿ, ಅಕ್ಕಾರ. ಭಾನುವಾರ ಅವ್ವ ಅಪ್ಪ ನನ್ನ ರೂಮಿಗೆ ಬರಾಕತ್ತಾರ. ಸುಮೀನ್ನ ಹತ್ತು ಗಂಟೆಕ್ಕ ಕರಕೊಂಡು ಬರ್ರಿ. ಬರಲಿಲ್ಲಂದ್ರ ಆಕಿಗೆ ಮನಸ್ಸಿಲ್ಲಂತ ತಿಳ್ಕೋತೀನಿ, ಮತ್ತ ಕಾಡಂಗಿಲ್ಲ."

"ಹೇಳ್ತೀನಿ" ಅಂದೆ. ಹೇಳಬೇಕೆಂದೇ ಇದ್ದೆ — ಮನೆಯ ಮೆಟ್ಟಿಲು ಹತ್ತುವವರೆಗೂ. ಆ ತಿಂಗಳಷ್ಟೇ ನನ್ನನ್ನು ನೋಡಿಹೋದ ಮೂರನೆಯ ಗಂಡಿನವರೂ ಬೇಡವೆಂದಿದ್ದರು. ತಂಗಿಯ ಮದುವೆಯಲ್ಲಿ ನಾನು ಅಕ್ಷತೆ ಹಿಡಿದು ನಿಂತಿರುವುದು, ಬಂದವರೆಲ್ಲ ನನ್ನನ್ನು ನೋಡಿ ಲೊಚಗುಟ್ಟುವುದು ಕಣ್ಣಿಗೆ ಕಟ್ಟಿತು. ಹೊಟ್ಟೆಕಿಚ್ಚು, ಸುಮಿ. ಅದಕ್ಕೆ ಬೇರೆ ಚಂದದ ಹೆಸರಿಲ್ಲ.

ನೀನು ಬಾಗಿಲಲ್ಲೇ ಕೇಳಿದೆ, "ಅಂವ ಬಂದಿದ್ನೇನು, ಅಕ್ಕಾ?"

"ಬಂದಿದ್ದ. ಮನ್ಯಾಗ ಬ್ಯಾರೆ ಹುಡುಗಿ ನೋಡ್ಯಾರಂತ. ದಾರಿ ಕಾಯಬ್ಯಾಡ ಅಂದ."

ನೀನು ಬಿಸ್ಕತ್ತಿನ ಡಬ್ಬಿ ನೋಡಿದೆ. ನನ್ನ ಮುಖ ನೋಡಿದೆ. "ಆತು" ಅಂದೆ. ಒಂದೇ ಒಂದು ಪ್ರಶ್ನೆ ಕೇಳಿದ್ದರೆ — ಇಲ್ಲ, ಹಾಗೆ ಬರೆಯಬಾರದು. ತಪ್ಪನ್ನು ನಿನ್ನ ತಲೆಗೆ ಕಟ್ಟಿದಂತಾಗುತ್ತದೆ.

ಆ ಭಾನುವಾರ ಹತ್ತು ಗಂಟೆಗೆ ನೀನು ನನ್ನ ಮುಂದೆ ತಲೆ ಬಗ್ಗಿಸಿಕೊಂಡು ಕೂತಿದ್ದೆ. ಗಡಿಯಾರ ನೋಡುತ್ತಾ ನಿನ್ನ ತಲೆಗೆ ಎಣ್ಣೆ ತಿಕ್ಕಿದೆ. ಹತ್ತೂವರೆಯಾಯಿತು. ಹನ್ನೊಂದಾಯಿತು. ಅವನು ಮತ್ತೆ ಕಾಡಲಿಲ್ಲ. ಆಡಿದ ಮಾತಿಗೆ ತಪ್ಪದವನು. ಆಮೇಲೆ ಬಂದ ಸಂಬಂಧಗಳಿಗೆಲ್ಲ ನೀನು "ಮೊದಲ ಅಕ್ಕಂದು ಆಗಲಿ" ಅಂದೆ. ಅಕ್ಕಂದು ಆಗಲೇ ಇಲ್ಲ.

ಈಗಲೂ ಆ ಆಟ ನಿಂತಿಲ್ಲ, ನನ್ನ ತಲೆಯೊಳಗೆ ನಡೆಯುತ್ತದೆ. ಒಂದು ದಿನ, ನಾನು ನಿಜ ಹೇಳುತ್ತೇನೆ, ನೀನು ಹಸಿರು ಸೀರೆ ಉಟ್ಟು ಶಂಶಾಬಾದಿನ ಬಸ್ಸು ಹತ್ತುತ್ತೀ. ಇನ್ನೊಂದು ದಿನ, ಬಸ್ಸು ತಪ್ಪಿದರೂ ಅವನು ಹನ್ನೊಂದರವರೆಗೆ ಕಾಯುತ್ತಾನೆ. ಕನ್ನಡಕ ಒರೆಸುತ್ತಾ ಎಷ್ಟೋ ಕೊನೆ ಕಟ್ಟಿದ್ದೇನೆ. ಯಾವುದರಲ್ಲೂ ನೀನು ಸಂಜೆ ಈ ಮನೆಗೆ ಒಬ್ಬಳೇ ಬರುವುದಿಲ್ಲ.

ನಿನ್ನೆ ನೀನು ಫೋನಿನಲ್ಲಿ ಆ ಸಿನಿಮಾ ಹುಡುಕಿ ತೆಗೆದೆ. ಇಷ್ಟು ವರ್ಷಗಳ ಮೇಲೆ ಪೂರ್ತಿ ನೋಡಿದೆವು. ರಾಜಕುಮಾರಿ ಸೇತುವೆಗೆ ಕಾಲಿಟ್ಟಳು, ನಡೆದಳು, ದಾಟಿದಳು. ಯಾರೂ ಅಡ್ಡ ಬರಲಿಲ್ಲ.

"ಇಷ್ಟ ಇತ್ತೇನು?" ಅಂದೆ ನೀನು. "ನೀ ಹೇಳ್ತಿದ್ದ ಕತೀನ ಭಾಳ ಚಲೋ ಇದ್ದುವು, ಅಕ್ಕಾ."

ನಗುತ್ತಾ ಅಂದೆಯೋ, ಸುಮ್ಮನೆ ಅಂದೆಯೋ ತಿಳಿಯಲಿಲ್ಲ. ನಿನ್ನ ಮುಖ ನೋಡುವ ಧೈರ್ಯವಾಗಲಿಲ್ಲ.

ಇಂದು ಅಂಗಡಿಗೆ ರಜೆ ಹಾಕಿದ್ದೇನೆ. ಈ ಹಾಳೆಗಳು ಮೇಜಿನ ಮೇಲೆ ಇರುತ್ತವೆ. ನೀನು ಬಂದು, ಕೈಕಾಲು ತೊಳೆದು, ಓದು. ಕ್ಷಮಿಸು ಅನ್ನುವುದಿಲ್ಲ, ಕೇಳುವ ಮುಖ ನನಗಿಲ್ಲ. ಕಟ್ಟಳೆ ಮಾತ್ರ ತೆಗೆದುಹಾಕಿದ್ದೇನೆ. ಈ ಸಲ "ಆತು" ಅನ್ನಬೇಡ, ಸುಮಿ. ಕೇಳು. ಏನು ಬೇಕಾದರೂ ಕೇಳು. ನಾನು ನಿನ್ನ ಎದುರಿಗೇ ಕೂತಿರುತ್ತೇನೆ.