ಮಾನಿಟರಿನ ಪ್ರಭಾವಳಿ

ಮನೆಯ ಗೋಡೆಗಳಲ್ಲೆಲ್ಲ ಅತ್ಯಂತ ನತದೃಷ್ಟವಾದದ್ದು ಕಂಪ್ಯೂಟರಿನ ಹಿಂದಿನ ಗೋಡೆ ಎಂಬುದು ನನ್ನ ಈಚಿನ ಸಂಶೋಧನೆ. ಉಳಿದ ಗೋಡೆಗಳಿಗೆ ಕ್ಯಾಲೆಂಡರೋ, ಮದುವೆಯ ಫೋಟೋವೋ, ಏನಿಲ್ಲವೆಂದರೆ ಒಂದು ಮೊಳೆಯಾದರೂ ಲಭಿಸುತ್ತದೆ. ಈ ಗೋಡೆಗೆ ಮನುಷ್ಯ ದಿನವಿಡೀ ಮುಖ ಮಾಡಿ ಕೂತಿರುತ್ತಾನೆ. ಅದರ ಬಣ್ಣ ಯಾವುದೆಂದು ಕೇಳಿದರೆ ಮಾತ್ರ ತಡವರಿಸುತ್ತಾನೆ. ತಾವೂ ಒಮ್ಮೆ ಪರೀಕ್ಷಿಸಿಕೊಳ್ಳಬಹುದು. ಕ್ಯಾಲಿಫೋರ್ನಿಯಾದ ಸ್ಯಾನ್ ರಮೋನಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಅದು ತಿಳಿ ಬೂದು ಎಂದೇ ನಾನು ನಂಬಿದ್ದೆ. ಅದು ಹಾಲಿನ ಕೆನೆಯ ಬಣ್ಣದ್ದೆಂದು ಗೊತ್ತಾದದ್ದು, ಅದಕ್ಕೆ ದೀಪಾಲಂಕಾರ ಮಾಡುವ ಮಹತ್ಕಾರ್ಯಕ್ಕೆ ಕೈಹಾಕಿದ ದಿನ.

ಕಾರ್ಯಕ್ಕೆ ಮೂಲ ಕಾರಣ ತಲೆನೋವು. ನಮ್ಮ ಮನೆಯಲ್ಲಿ ಟಿವಿ ಇಲ್ಲ. ನಡುಮನೆಯ ಮೂಲೆಯ ಮೇಜಿನ ಮೇಲೆ ಕೂತು ವಾರವೆಲ್ಲ ಆಫೀಸಿಗೆ ದುಡಿಯುವ ದೊಡ್ಡ ಮಾನಿಟರೇ ಶನಿವಾರ ಸಂಜೆ ಟಾಕೀಸಿನ ಪದವಿಗೆ ಏರುತ್ತದೆ. ಅದರೆದುರು ಎರಡು ಕುರ್ಚಿ. ಒಂದರಲ್ಲಿ ನಾನು, ಇನ್ನೊಂದರಲ್ಲಿ ನನ್ನ ಹೆಂಡತಿ ವಿಮಲಾ, ನಡುವೆ ಚುರುಮುರಿಯ ಬೋಗುಣಿ. ನೋಡುವುದು ಹಳೆಯ ಕಪ್ಪು-ಬಿಳುಪು ಕನ್ನಡ ಚಿತ್ರ. ಹುಬ್ಬಳ್ಳಿಯ ಟಾಕೀಸುಗಳಲ್ಲಿ ಸಿನಿಮಾದ ಅಕ್ಷರಾಭ್ಯಾಸ ಮಾಡಿದ ವಿಮಲಾಳಿಗೆ ಕತ್ತಲಿಲ್ಲದೆ ಸಿನಿಮಾ ಇಲ್ಲ. ಅಡುಗೆಮನೆಯ ದೀಪವನ್ನೂ ಬಿಡದೆ ಆರಿಸಿ, ಕಿಟಕಿಗೆ ಕರ್ಟನ್ ಎಳೆದ ಮೇಲೆಯೇ ಆಟ ಶುರು. ಆದರೆ ಕೆಲವು ತಿಂಗಳಿಂದ, ಆ ಗವ್ವೆನ್ನುವ ಕತ್ತಲಲ್ಲಿ ಧಗಧಗಿಸುವ ಪರದೆ ನನ್ನ ಕಣ್ಣಿಗೆ ಕೆಂಡವಾಗಿ, ಮಧ್ಯಂತರದ ಹೊತ್ತಿಗೆ ಹುಬ್ಬುಗಳ ನಡುವೆ ಯಾರೋ ಸುತ್ತಿಗೆ ಹಿಡಿದು ಕೂತಂತಾಗುತ್ತಿತ್ತು. ನಾನು ಹೋಗಿ ಮಲಗುವುದು, ಅವಳು ಒಬ್ಬಳೇ ಉಳಿದ ಕಥೆ ನೋಡುವುದು, ಭಾನುವಾರ ಬೆಳಗ್ಗೆ ಉಪ್ಪಿಟ್ಟಿನ ಜೊತೆ ನನಗೆ ಕ್ಲೈಮ್ಯಾಕ್ಸನ್ನೂ ಬಡಿಸುವುದು ರೂಢಿಯಾಯಿತು. ಉಪ್ಪಿಟ್ಟು ಚೆನ್ನಾಗಿರುತ್ತಿತ್ತು. ಕ್ಲೈಮ್ಯಾಕ್ಸೂ ಚೆನ್ನಾಗಿರುತ್ತಿತ್ತು, ಅಗಲಿದವರೆಲ್ಲ ಕೂಡುತ್ತಿದ್ದರು, ಕಾಯಿಲೆ ಬಿದ್ದವರೆಲ್ಲ ಎದ್ದು ಕೂರುತ್ತಿದ್ದರು.

ಒಂದು ಶನಿವಾರ ನೀರು ಕುಡಿಯಲೆಂದು ಎದ್ದು ಬಂದವನು ನನ್ನ ಕುರ್ಚಿಯ ಕಡೆ ನೋಡಿದೆ. ನಾನು ತೆರವು ಮಾಡಿದ ಪೀಠವನ್ನು ಚುರುಮುರಿಯ ಬೋಗುಣಿ ಅಲಂಕರಿಸಿತ್ತು. ವಿಮಲಾ ಪರದೆಯಿಂದ ಕಣ್ಣು ಕೀಳದೆಯೇ ಅದರ ಕಡೆ ಕೈ ಚಾಚುತ್ತಿದ್ದಳು. ಬೋಗುಣಿಯ ಬಗ್ಗೆ ನನಗೆ ವೈಯಕ್ತಿಕ ದ್ವೇಷವೇನೂ ಇಲ್ಲ. ಆದರೂ ನಿಂತ ನಿಲುವಿನಲ್ಲೇ ಸಂಕಲ್ಪ ಮಾಡಿದೆ: ಪರದೆಯ ಮೇಲೆ ‘ಶುಭಂ’ ಎಂಬ ಅಕ್ಷರಗಳು ಮೂಡುವ ತನಕ ಅವಳ ಪಕ್ಕದ ಆ ಕುರ್ಚಿಯಲ್ಲಿ ಕೂತೇ ತೀರುತ್ತೇನೆ.

ಹತ್ತಿರದ ಊರು ವಾಲ್ನಟ್ ಕ್ರೀಕಿನ ಕಣ್ಣಿನ ಡಾಕ್ಟರು ಎರಡು ದಾರಿ ತೋರಿಸಿದರು. ಒಂದೋ ಕೋಣೆಯಲ್ಲಿ ದೀಪ ಹಾಕಿಕೊಳ್ಳಿ, ಇಲ್ಲವೇ ಮಾನಿಟರಿನ ಹಿಂದೆ ಮಂದವಾದ ಬಿಳಿ ಬೆಳಕಿಡಿ, ಕಣ್ಣಿಗೆ ಶ್ರಮ ತಗ್ಗುತ್ತದೆ ಎಂದರು. ಮೊದಲನೆಯದು ವಿಮಲಾಳ ಧರ್ಮಕ್ಕೆ ವಿರುದ್ಧ. ಎರಡನೆಯದನ್ನು ನಾನು ಶಿರಸಾವಹಿಸಿದೆ, ಆದರೆ ‘ಮಂದವಾದ ಬಿಳಿ’ ಎಂಬ ವಿಶೇಷಣಗಳು ಮನೆಗೆ ಬರುವ ದಾರಿಯಲ್ಲಿ ಫ್ರೀವೇ ಮೇಲೆಲ್ಲೋ ಉದುರಿಹೋದವು. ನಾನು ತರಿಸಿದ್ದು ಲಕ್ಷೋಪಲಕ್ಷ ಬಣ್ಣಗಳ ಎಲ್‌ಇಡಿ ಪಟ್ಟಿ. ಮಾನಿಟರಿನ ನೆತ್ತಿಯ ಮೇಲೆ ಕೂರುವ ಒಂದು ಪುಟ್ಟ ಕ್ಯಾಮೆರಾ ಪರದೆಯನ್ನು ಬಗ್ಗಿ ನೋಡುತ್ತ, ಅಲ್ಲಿ ಯಾವ ಮೂಲೆಯಲ್ಲಿ ಯಾವ ಬಣ್ಣವಿದೆಯೋ ಅದನ್ನೇ ಹಿಂದಿನ ಗೋಡೆಯ ಆ ಮೂಲೆಗೂ ಬಳಿಸುತ್ತದೆ. ಡಬ್ಬ ಬಿಚ್ಚುವಾಗ ವಿಮಲಾ ಸೊಂಟದ ಮೇಲೆ ಕೈಯಿಟ್ಟು ನಿಂತಳು.

“ಏನ್ರೀ ಇದು, ಸೀರಿಯಲ್ ಸೆಟ್ಟು? ಕಂಪ್ಯೂಟರಿನ ಲಗ್ನ ಮಾಡಲಿಕ್ಕೆ ಹೊಂಟೀರೇನು?”

“ಲಗ್ನ ಅಲ್ಲ. ಚಿಕಿತ್ಸಾ.”

“ಯಾರಿಗೆ? ಅದಕ್ಕೋ, ನಿಮಗೋ?”

ನಾನು ಮಾನಿಟರಿನ ಬೆನ್ನಿಗೆ ಹೋಗಿ ಕೂತೆ. ಡಬ್ಬದೊಳಗೆ ಒಂದು ಚಿತ್ರವಿತ್ತು. ಹಿಂದಿನಿಂದ ನೋಡಿದಂತೆ ಮಾನಿಟರು. ಅದರ ಬಲಗಡೆಯ ಕೆಳಮೂಲೆಯಲ್ಲಿ ಶುರುವಾಗಿ, ಮೇಲೇರಿ, ನೆತ್ತಿಯ ಮೇಲೆ ಹಾದು ಎಡಗಡೆ ಇಳಿಯುವ ಬಾಣದ ಗುರುತು. ನನಗೆ ನಿಜಕ್ಕೂ ನೋವಾಯಿತು. ಇದು ಗಡಿಯಾರದ ಮುಳ್ಳಿಗೆ ವಿರುದ್ಧ, ಶುದ್ಧ ಅಪ್ರದಕ್ಷಿಣ. ಆರತಿಯ ತಟ್ಟೆ ಹಿಡಿದ ಕೈ ಎಡದಿಂದ ಮೇಲೇರಿ ಬಲಕ್ಕಿಳಿಯಬೇಕೆಂದು ಬಾಲ್ಯದಿಂದ ಕಂಡವನು ನಾನು. ನಮ್ಮ ಮನೆತನದಲ್ಲಿ ಬೆಳಕನ್ನು ಉಲ್ಟಾ ಸುತ್ತಿದವರಿಲ್ಲ. ಚಿತ್ರ ಬರೆದಾತನ ಅಜ್ಞಾನವನ್ನು ಮನಸ್ಸಿನಲ್ಲೇ ಕ್ಷಮಿಸಿ, ಎಡ ಕೆಳಮೂಲೆಯಿಂದ ಶುರುಮಾಡಿ, ಶಾಸ್ತ್ರೋಕ್ತವಾಗಿ ಬಲಕ್ಕೆ ಇಳಿಸಿ ಅಂಟಿಸಿದೆ.

ಪರೀಕ್ಷೆಗೆಂದು ಒಂದು ಬಣ್ಣದ ಹಾಡು ಹಾಕಿದೆ. ಕೆಂಪು ಸೀರೆಯ ನಾಯಕಿ ಎಡಗಡೆಯಿಂದ ಬಂದಳು. ಗೋಡೆ ಬಲಗಡೆ ನಾಚಿ ಕೆಂಪೇರಿತು. ನದಿ ಬಲಗಡೆ ಹರಿಯಿತು. ಎಡಗಡೆಯ ಗೋಡೆ ನೀಲಿಯಾಯಿತು. ಪರದೆಗೂ ಗೋಡೆಗೂ ನಡುವೆ ಓಡಾಡಿ ನನ್ನ ಕಣ್ಣು ಬಳಲಿ, ಮಧ್ಯಂತರಕ್ಕೆ ಬರಬೇಕಾದ ತಲೆನೋವು ಮೊದಲ ಚರಣದಲ್ಲೇ ಹಾಜರಾಯಿತು. ಮೇಲಿನ ಮನೆಯ ನಸೀರ್ ಅವರನ್ನು ಕರೆದೆ. ಮೈಸೂರಿನವರು, ನನ್ನ ಹಾಗೆಯೇ ಕಂಪ್ಯೂಟರಿನ ಅನ್ನ ತಿನ್ನುವವರು.

“ಸಾರ್, ಎಲ್ಲಾ ಉಲ್ಟಾ ಆಗ್ಬಿಟ್ಟಿದೆ. ಡಯಾಗ್ರಾಮ್ ನೋಡ್ಲಿಲ್ವಾ?”

“ನೋಡಿದೆ. ಒಪ್ಪಲಿಲ್ಲ.”

ಕಾರಣ ಕೇಳಿ ಅವರು ಕುರ್ಚಿ ಹಿಡಿದುಕೊಂಡು ನಕ್ಕರು. “ಮಾನಿಟರಿಗೆ ಆರತಿ ಎತ್ತಿದೀರಾ ಸಾರ್! ಆದ್ರೆ ಇದನ್ನ ಫೋನಿನ ಆ್ಯಪ್‌ನಲ್ಲಿ ತಿರುಗ್ಸೋಕಾಗಲ್ಲ. ಕಿತ್ತರೆ ಗಮ್ಮು ಹೋಗತ್ತೆ. ಆಫ್ ಮಾಡಿ ಹಂಗೇ ಬಿಟ್ಬಿಡಿ, ಯಾರ್ ಕೇಳ್ತಾರೆ?”

ಕೇಳುವವಳು ಅಲ್ಲೇ ತನ್ನ ಕುರ್ಚಿಯಲ್ಲಿ ಕೂತಿದ್ದಳು. ಗಾಳಿಯಲ್ಲಿ ಬೆರಳಿನಿಂದ ಏನೋ ಸುತ್ತು ಬರೆದು ನೋಡಿ ಹೇಳಿದಳು: “ರೀ, ನೀವು ಹಿಂದ ನಿಂತು ಸುತ್ತೀರಿ. ನೋಡೋರು ಇಲ್ಲಿ ಮುಂದ ಕೂತಿರತಾರ. ಇಲ್ಲಿಂದ ನೋಡಿದ್ರ ಆ ಚಿತ್ರದಾಗ ಇದ್ದದ್ದ ಪ್ರದಕ್ಷಿಣ.”

ನಾನು ಬಂದು ಅವಳ ಪಕ್ಕ ಕೂತು ನೋಡಿದೆ. ಹೌದು. ನನ್ನ ಎಡ ಅವಳಿಗೆ ಬಲವಾಗಿತ್ತು. ಹಾಗೆ ನೋಡಿದರೆ, ನಾವು ತಲೆತಲಾಂತರದಿಂದ ಭಕ್ತಿಯಿಂದ ಬಲಕ್ಕೆ ಬೆಳಗುವ ಆರತಿಯೆಲ್ಲ ಎದುರಿಗಿರುವ ದೇವರ ಕಣ್ಣಿಗೆ ಉಲ್ಟಾ ಸುತ್ತೇ. ಆತ ಇದುವರೆಗೂ ಆಕ್ಷೇಪಣೆ ಎತ್ತದಿರುವುದು ಆತನ ದೊಡ್ಡತನ. ನನ್ನ ತಲೆನೋವನ್ನೂ ನಾನು ಇಷ್ಟು ತಿಂಗಳು ತಲೆಯ ಕಡೆಯಿಂದಲೇ ನೋಡಿದ್ದೆ. ಈ ಕುರ್ಚಿಯಿಂದ ಅದು ಹೇಗೆ ಕಾಣುತ್ತಿತ್ತೆಂದು ವಿಚಾರಿಸಿರಲಿಲ್ಲ.

ಅಂಟು ಬಿಡಲೊಲ್ಲದು, ನಾನು ಬಿಡಲೊಲ್ಲೆ. ಹೇರ್ ಡ್ರೈಯರಿನ ಬಿಸಿ ಗಾಳಿ ಹಿಡಿದು ಅಂಗುಲ ಅಂಗುಲವಾಗಿ ಕಿತ್ತೆ. ಗಮ್ಮು ಹೋದ ಕಡೆಗೆ ನಸೀರ್ ಕೊಟ್ಟ ಎರಡು ಬದಿಯ ಟೇಪು ಹಚ್ಚಿದೆ. ಒಂದು ಮೂಲೆ ಜೋತುಬಿತ್ತು, ಮತ್ತೆ ಒತ್ತಿದೆ. ಇನ್ನೊಂದು ಜೋತುಬಿತ್ತು, ಅದನ್ನೂ ಒತ್ತಿದೆ. “ಸಾಕು ಬಿಡ್ರಿ, ನಾ ಒಬ್ಬಾಕೀನ ನೋಡತೀನಿ” ಎಂದಳು ವಿಮಲಾ. ಆ ಮಾತೇ ನನ್ನ ಹೆಬ್ಬೆರಳಿಗೆ ಇನ್ನಷ್ಟು ಬಲ ಕೊಟ್ಟಿತು.

ಶನಿವಾರ ಬಂತು. ದೀಪಗಳು ಆರಿದವು. ನಾನು ಹಿಂದೆ ಅರ್ಧಕ್ಕೆ ಬಿಟ್ಟುಹೋಗಿದ್ದ ಚಿತ್ರವನ್ನೇ ಹಾಕಲು ಹೇಳಿದೆ. ವಿಮಲಾ ಯಾಕೋ ಬೇರೆ ನೋಡೋಣ ಎಂದಳು, ನಾನು ಹಟ ಹಿಡಿದೆ. ಆಟ ಶುರುವಾಯಿತು, ಲಕ್ಷೋಪಲಕ್ಷ ಬಣ್ಣಗಳ ಪಟ್ಟಿ ಕಪ್ಪು-ಬಿಳುಪು ಚಿತ್ರವನ್ನು ದಿಟ್ಟಿಸಿ ನೋಡಿ, ಹುಡುಕಿ, ಸೋತು, ಕೊನೆಗೆ ಗೋಡೆಯ ಮೇಲೆ ಮಂದವಾದ ಬಿಳಿ ಬೆಳಕನ್ನು ಚೆಲ್ಲಿತು.

“ಇಷ್ಟೆಲ್ಲಾ ಹೋರಾಡಿ ಬಿಳೇ ಬೆಳಕೇನ್ರೀ? ಒಂದು ಝೀರೋ ಬಲ್ಬ್ ಹಚ್ಚಿದ್ರ ಆಗತಿತ್ತು.”

ಆಗುತ್ತಿತ್ತು. ಆದರೆ ಪ್ರಭಾವಳಿಯ ನಡುವಿನ ಮೂರ್ತಿಯಂತೆ ಮಾನಿಟರು ತಂಪಾಗಿ ಬೆಳಗುತ್ತಿತ್ತು, ಮಧ್ಯಂತರ ಬಂತು, ಹೋಯಿತು, ಸುತ್ತಿಗೆಯವನು ಬರಲಿಲ್ಲ. ಕಥೆ ಕೊನೆಗೆ ಬಂತು. ದೂರದೂರಿಗೆ ಹೋದ ನಾಯಕನಿಗಾಗಿ ನಾಯಕಿ ರೈಲ್ವೆ ಸ್ಟೇಷನ್ನಿನಲ್ಲಿ ಬುತ್ತಿ ಹಿಡಿದು ನಿಂತಿದ್ದಾಳೆ. ಉಪ್ಪಿಟ್ಟಿನ ಜೊತೆ ನಾನು ಕೇಳಿದ ಕಥೆಯಲ್ಲಿ ಆತ ರೈಲಿನಿಂದ ಇಳಿದು, ಇಬ್ಬರೂ ಅಲ್ಲೇ ಬೆಂಚಿನ ಮೇಲೆ ಕೂತು ಉಂಡಿದ್ದರು. ಪರದೆಯ ಮೇಲೆ ರೈಲು ಬಂತು, ನಿಂತಿತು, ಹೊರಟಿತು. ಯಾರೂ ಇಳಿಯಲಿಲ್ಲ.

“ನೀ ಹೇಳಿದಾಗ ಅಂವಾ ಇಳದಿದ್ದನಲ್ಲ?”

“ತಲಿ ಹಿಡಕೊಂಡು ಮಲಗಿದವರಿಗೆ ಇದನ್ನ ಹೇಳಲೇನು?”

“ಉಳಿದ ಸಿನಿಮಾದಾಗೂ...?”

“ಒಂದೊಂದ ನೋಡೋಣಂತ. ಈಗ ಕೂಡ್ರಲಿಕ್ಕೆ ಆಗತದಲ್ಲ?” ಎಂದು ವಿಮಲಾ ಬೋಗುಣಿಯನ್ನು ನನ್ನ ಕಡೆಗೆ ಸರಿಸಿದಳು.

ಇಷ್ಟು ದುಃಖದ ಮೇಲೂ ಸಂಕೋಚವಿಲ್ಲದೆ ಪರದೆಯ ಕಪ್ಪಿನಲ್ಲಿ ‘ಶುಭಂ’ ಮೂಡಿತು. ನಾನು ಕಣ್ಣೆತ್ತಿ ಗೋಡೆಯ ಕಡೆ ನೋಡಿದೆ, ಕಪ್ಪು ಪರದೆಯ ಜೊತೆ ಪಟ್ಟಿಯ ಬೆಳಕೂ ಅದರ ಮೇಲೆ ಮಸುಕಾಗಿತ್ತು. ನಮ್ಮ ಕಂಪ್ಯೂಟರಿನ ಹಿಂದಿನ ಗೋಡೆಯ ಬಣ್ಣ ಯಾವುದೆಂದು ಈಗ ಯಾರೇ ಕೇಳಲಿ, ತಡವರಿಸದೆ ಹೇಳಬಲ್ಲೆ: ಹಾಲಿನ ಕೆನೆ. ಶನಿವಾರ, ಆಟ ಮುಗಿಯುವ ಹೊತ್ತಿಗೆ ಎರಡೂ ಕುರ್ಚಿ ತುಂಬಿದ್ದರೆ, ತಿಳಿ ಬೂದು.