ಅನ್ನವಿಲ್ಲದ ಅನ್ನಪ್ರಾಶನ

ಪರದೇಶದ ಸೈಪ್ರೆಸ್ ಊರಿನಲ್ಲಿ ಗೆಳತಿಯೊಬ್ಬಳು ಮಗಳಿಗೆ ಅನ್ನಪ್ರಾಶನ ಮಾಡಿದಳು, ಅದೂ ಅಕ್ಕಿಯ ಬದಲು ಕಿನ್ವಾ ಧಾನ್ಯದ ಪಾಯಸದಲ್ಲಿ. ಇವರ ಡಯೆಟ್ಟಿಗೆ ಬೆಂಕಿ ಬೀಳ! ಪಕ್ಕದ ಮನೆಯ ಜಪಾನಿ ಹೆಂಗಸು ತನ್ನ ಅಣ್ಣ ಊರಿನಲ್ಲಿ ಬೆಳೆದ ಅಕ್ಕಿಯನ್ನು ಪುಟ್ಟ ಚೀಲದಲ್ಲಿ ಉಡುಗೊರೆಯಾಗಿ ತಂದಿದ್ದಳು. ಅಲ್ಲೀಗ ಜನ ಬ್ರೆಡ್ಡಿಗೆ ಒಗ್ಗಿದ್ದಾರೆ, ಅನ್ನ ಉಣ್ಣುವವರು ಕಡಿಮೆ, ಬರುವ ವರ್ಷ ಅಣ್ಣ ನಾಟಿ ಮಾಡುವುದಿಲ್ಲ ಎಂದಳು.

"ಒಳ್ಳೇದೇ ಆಯ್ತು ಬಿಡೇ, ಬರೀ ಕಾರ್ಬ್ಸ್," ಎಂದು ಗೆಳತಿ ನನ್ನ ಕಿವಿಯಲ್ಲಿ ಉಸುರಿ, ಆ ಅಕ್ಕಿಗೇ ಅರಿಶಿನ ಕಲಸಿ ಅಕ್ಷತೆ ಮಾಡಿದಳು. ಬಾಯಿಗೆ ಬೇಡವಾದದ್ದನ್ನು ಎಲ್ಲರೂ ಮಗುವಿನ ತಲೆಗೆ ಹಾಕಿದೆವು. ಜಪಾನಿ ಹೆಂಗಸು ಮಂಡಿಯೂರಿ, ಕಾರ್ಪೆಟ್ಟಿನ ಮೇಲೆ ಚೆಲ್ಲಿದ ಕಾಳುಗಳನ್ನು ಒಂದೊಂದಾಗಿ ಹೆಕ್ಕತೊಡಗಿದಳು.

ಗೆಳತಿ ನಕ್ಕಳು. "ಅಯ್ಯೋ, ಬಿಡೋಕೆ ಹೇಳೇ ಅವ್ರಿಗೆ. ಆಮೇಲೆ ವ್ಯಾಕ್ಯೂಮ್ ಮಾಡ್ತೀನಿ."